ಕಳಕವ್ವನಿಗೆ ಯಾರೂ ಹೇಳದ ಮಾತು

ಹೋದ ವಾರ ನರಗುಂದದ ಮಗಳ ಮನೆಯಿಂದ ಚಕ್ಕಡಿಯಲ್ಲಿ ರೋಣಕ್ಕೆ ಹೊರಟಿದ್ದೆ. ಬೆಳವಣಕಿಯ ಎರೆಹೊಲಗಳ ನಡುವೆ ಬರುವಾಗ ಯಾರೋ ಕುಳ್ಳಿನ ಕೆಂಡದ ಮೇಲೆ ಎಳೆ ಜೋಳದ ತೆನೆ ಸುಡುತ್ತಿದ್ದರು. ಸೀತನಿಯ ವಾಸನೆ. ಹಸಿ ಹಾಲುಗಾಳು ಬಿಸಿಗೆ ಸಿಡಿದಾಗ ಬರುವ ಆ ಸಿಹಿ ಹೊಗೆ ಮೂಗಿಗೆ ಬಡಿಯುತ್ತಲೇ ಚಕ್ಕಡಿ ನಿಲ್ಲಿಸಲು ಹೇಳಿದೆ. ಕೆಳಗಿಳಿಯಲಿಲ್ಲ. ಈ ಮೊಣಕಾಲು ಇಟ್ಟುಕೊಂಡು ಇಳಿದರೆ ಮತ್ತೆ ಹತ್ತುವವರಾರು? ಕುಳಿತಲ್ಲೇ ಆ ಹೊಲಗಳನ್ನು ನೋಡಿದೆ. ನಾನು ಸೊಸೆಯಾಗಿ ದುಡಿದ ನೆಲ ಅದು. ನರಗುಂದದ ಅರಸರು ಬಿಳಿಯರ ಮೇಲೆ ತಿರುಗಿಬಿದ್ದ ಗಲಾಟೆ ಆಗುವುದಕ್ಕೆ ನಾಲ್ಕೈದು ವರ್ಷ ಮೊದಲಿನ ಒಂದು ಚಳಿಗಾಲ, ದೀಪಾವಳಿಯಿಂದ ಸಂಕ್ರಾಂತಿಯವರೆಗಿನದು, ಕಣ್ಣ ಮುಂದೆ ಬಂತು. ನಮ್ಮಪ್ಪ ಸಾಲಿ ಕಲಿಸುವ ಅಯ್ಯನವರಾಗಿದ್ದರಿಂದ ನನಗೆ ನಾಲ್ಕಕ್ಷರ ಬರುತ್ತವೆ. ಅದಕ್ಕೇ ಬರೆದಿಡುತ್ತಿದ್ದೇನೆ.

ಬೆಳವಣಕಿಯ ಮೇಲಿನ ಓಣಿಯಲ್ಲಿ ನಮ್ಮ ಮನೆ. ನಮ್ಮತ್ತೆ ಚೆನ್ನವ್ವ ಮನೆಯ ಯಜಮಾನಿ. ಅವರಿಗೆ ಇಬ್ಬರು ಗಂಡುಮಕ್ಕಳು. ಹಿರಿಯವರು ನಮ್ಮ ಮನೆಯವರು, ಕಿರಿಯವನು ಶಿವಪ್ಪ. ನಾನು ಮದುವೆಯಾಗಿ ಬಂದ ದಿನವೇ, ಕಾಲು ತೊಳೆದ ನೀರು ಇನ್ನೂ ಆರಿರಲಿಲ್ಲ, ಅತ್ತೆ ನನ್ನನ್ನು ಹಿತ್ತಲಿಗೆ ಕರೆದರು.

"ನೋಡು, ಕೆಳಗಿನ ಓಣ್ಯಾಗ ಬೇವಿನ ಗಿಡದ ಮನಿ ಐತಿ. ಆ ಮನಿಗೂ ನಮಗೂ ಬೆಂಕಿ ಇಲ್ಲ, ನೀರಿಲ್ಲ, ಮಾತಿಲ್ಲ. ನಿನ್ನ ಮಾವನ್ನ ತಿಂದ ಮನಿ ಅದು."

ನಮ್ಮ ಹೊಲವೂ ಅವರ ಹೊಲವೂ ಒಂದಕ್ಕೊಂದು ಹೊಂದಿಕೊಂಡಿವೆ. ಒಂದು ಬಿತ್ತನೆಯ ಕಾಲಕ್ಕೆ ಬಾಂದುಕಲ್ಲು ಸರಿಸಿದ್ದೀರಿ, ಇಲ್ಲ ಸರಿಸಿಲ್ಲ ಎಂಬ ಮಾತಿಗೆ ಮಾತು ಬೆಳೆದು, ಆ ಮನೆಯ ಹಿರಿಮಗ ಫಕೀರಪ್ಪ ಕೈಯಲ್ಲಿದ್ದ ಬಡಿಗೆಯಿಂದ ನಮ್ಮ ಮಾವನ ತಲೆಗೆ ಹೊಡೆದ. ಮಾವ ಬಾಂದಿನ ಹತ್ತಿರವೇ ಬಿದ್ದವರು ಮೇಲೇಳಲಿಲ್ಲ. ಫಕೀರಪ್ಪನನ್ನು ಜೇಲಿಗೆ ಒಯ್ದರು. ಅವನೂ ಅಲ್ಲಿ ಜ್ವರ ಬಂದು ತೀರಿಕೊಂಡ. ಮೊಳ ನೆಲಕ್ಕಾಗಿ ಈ ಮನೆಯ ಹಿರಿಯ, ಆ ಮನೆಯ ಹಿರಿಮಗ ಇಬ್ಬರೂ ಹೋದರು. ಉಳಿದವರು ಇಬ್ಬರು ಹೆಂಗಸರು: ಗಂಡನನ್ನು ಕಳೆದುಕೊಂಡ ನಮ್ಮತ್ತೆ, ಮಗನನ್ನು ಕಳೆದುಕೊಂಡ ಬಸಲಿಂಗವ್ವ. ಊರಿಗೆ ಸಿಹಿನೀರಿನ ಬಾವಿ ಒಂದೇ. ಅವರು ನಸುಕಿನಲ್ಲಿ ಬಂದರೆ ನಾವು ಬಿಸಿಲೇರಿದ ಮೇಲೆ ಹೋಗುತ್ತಿದ್ದೆವು. ಹತ್ತು ಹನ್ನೆರಡು ವರ್ಷ ಹೀಗೇ ನಡೆದಿತ್ತು.

ಇಂಥ ನಮ್ಮ ಮನೆಯೊಳಕ್ಕೆ ಕಳಕವ್ವ ಬಂದಳು.

ಗಜೇಂದ್ರಗಡದ ಗುಡ್ಡದ ಬುಡದ ರೈತರ ಮನೆಯ ಮಗಳು. ಶಿವಪ್ಪನಿಗೆ ತಂದೆವು. ಅವಳ ತವರುಮನೆಯ ಗೋಡೆಗೆ ಗೋಡೆ ಹಚ್ಚಿ ನೇಕಾರರ ಓಣಿ. ಅಲ್ಲಿ ನೂಲಿನ ಹಾಸು ಎಳೆದರೆಂದರೆ ಓಣಿಯ ಈ ತುದಿಯಿಂದ ಆ ತುದಿಗೆ ಎಳೆಯುತ್ತಾರೆ. ಒಬ್ಬರ ಹಾಸು ಹತ್ತು ಮನೆಯ ಅಂಗಳ ದಾಟುತ್ತದೆ. ಹಾಗಾಗಿ ಅವಳಿಗೆ ಯಾರ ಅಂಗಳವೂ ಪರರದು ಎನಿಸುತ್ತಿರಲಿಲ್ಲ. ಯಾವ ಬಾಗಿಲು ತೆರೆದಿದ್ದರೂ ಒಳಗೆ ಹೋಗುವುದು, ಕುಳಿತುಕೊಳ್ಳುವುದು, ಬಂದು ಅಲ್ಲಿ ಕಂಡದ್ದನ್ನೆಲ್ಲ ನಮ್ಮ ಮುಂದೆ ಸುರಿಯುವುದು. ಎತ್ತು ತಲೆ ಅಲ್ಲಾಡಿಸಿದರೆ "ಯಾಕಪಾ, ಏನ ಬೇಕಾಗಿತ್ತು?" ಎಂದು ಕೇಳಿ ಉತ್ತರಕ್ಕಾಗಿ ಖರೇ ಖರೇ ಕಾಯುತ್ತಿದ್ದಳು. ನೋಡಲು ಅಂಥ ಚೆಲುವೆಯಲ್ಲ. ಮುಂದಿನ ಹಲ್ಲು ತುಸು ಉಬ್ಬಿದ್ದವು. ಆದರೆ ಆ ಮುಖದಲ್ಲಿ ಯಾವುದನ್ನೂ ಬಚ್ಚಿಡಲು ಜಾಗವೇ ಇರಲಿಲ್ಲ. ಎದುರಿಗಿದ್ದವರು ಒಳ್ಳೆಯವರೆಂದು ಮೊದಲೇ ನಂಬಿಕೊಂಡು ನೋಡುವ ಮುಖ.

ಬಂದ ಮೂರ್ನಾಲ್ಕು ದಿನಕ್ಕೆ ಒಬ್ಬಳೇ ಬಾವಿಗೆ ಹೋದಳು. ಎಷ್ಟು ಹೊತ್ತಾದರೂ ಬರಲಿಲ್ಲ. ನಾನು ಹುಡುಕಿಕೊಂಡು ಹೊರಡಬೇಕೆನ್ನುವಷ್ಟರಲ್ಲಿ ತೋಯ್ದ ಸೀರೆ, ನಗುವ ಮುಖ, ತಲೆಯ ಮೇಲೆ ತುಂಬಿದ ಕೊಡ ಹೊತ್ತು ಬಂದಳು.

"ಅಕ್ಕಾ, ಹಗ್ಗ ಜಾರಿ ಕೊಡ ಬಾವ್ಯಾಗ ಬಿತ್ತು. ಅಲ್ಲೆ ಬೇವಿನ ಗಿಡದ ಮನಿ ಐತಲ್ಲ, ಅಲ್ಲಿ ಹೋಗಿ ಪಾತಾಳಗರಡಿ ಇಸಗೊಂಡು ಬಂದೆ. ಆ ಅಜ್ಜಿ ತಾನ ಬಂದು ಹಗ್ಗ ಹಿಡಕೊಂಡು ನಿಂತಿದ್ಲು. ಭಾಳ ಚಲೋ ಅಜ್ಜಿ!"

ಪಾತಾಳಗರಡಿ ಎಂದರೆ ಬಾವಿಗೆ ಬಿದ್ದ ಕೊಡ ಎತ್ತುವ ಕೊಕ್ಕೆಗಳ ಗೊಂಚಲು. ಅತ್ತೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದರು. ಅವರ ಕೈ ಹಿಟ್ಟಿನ ಮೇಲೆ ನಿಂತಿತು.

"ಆಕಿ ಏನಂದ್ಲು?" ಎಂದು ಕೇಳಿದರು ಅತ್ತೆ, ತಿರುಗಿ ನೋಡದೆ.

"ಯಾರ ಮನಿ ಸೊಸಿ ಅಂತ ಕೇಳಿದ್ಲ್ರಿ. ಹೇಳಿದೆ. ಸುಮ್ಮನ ನನ್ನ ಮಾರಿ ನೋಡಕೋತ ನಿಂತ್ಲು. ಆಮ್ಯಾಲೆ ಕೊಡ ತಗದು ಕೊಟ್ಲು."

ಅವಳು ಸೀರೆ ಬದಲಿಸಲು ಒಳಗೆ ಹೋದಾಗ ಅತ್ತೆ ನನಗೆ ಹೇಳಿದರು: "ಹಿರೇಸೊಸಿ ನೀನು. ಇವತ್ತ ಹೇಳಿಬಿಡು ಆಕಿಗೆ."

ಹೇಳಬೇಕೆಂದೇ ಕುಳಿತೆ. ಅವಳ ಜಡೆ ಬಿಚ್ಚಿ ಎಣ್ಣೆ ಹಚ್ಚುತ್ತ, "ಕಳಕವ್ವಾ, ಒಂದು ಮಾತು ಐತಿ" ಎಂದೆ. "ಹೇಳ್ರಿ ಅಕ್ಕಾ" ಎಂದು ಇಡಿಯ ಮುಖ ತಿರುಗಿಸಿ ನನ್ನನ್ನು ನೋಡಿದಳು. ಏನೋ ಹಬ್ಬದ ಸುದ್ದಿ ಹೇಳುತ್ತೇನೆಂಬಂತೆ ಕಣ್ಣು ಅರಳಿದ್ದವು. "ಎಣ್ಣಿ ಭಾಳ ಹಚ್ಚಬಾರದು, ನೆಗಡಿ ಆಗ್ತೈತಿ" ಎಂದುಬಿಟ್ಟೆ.

ಅತ್ತೆ ಬೈದರು. ಬೈದು, ತಾವೇ ಹೇಳುತ್ತೇನೆಂದು ಮರುದಿನ ಅವಳನ್ನು ಹತ್ತಿರ ಕೂರಿಸಿಕೊಂಡರು. ಒಂದು ಗಳಿಗೆಯ ಮೇಲೆ ನೋಡಿದರೆ ಅತ್ತೆ ತಮ್ಮ ಬಾಲ್ಯದಲ್ಲಿ ಕಂಡ ಆನೆಯ ಕಥೆ ಹೇಳುತ್ತಿದ್ದಾರೆ, ಅವಳು ಬಾಯಿ ತೆರೆದು ಕೇಳುತ್ತಿದ್ದಾಳೆ. ನಮ್ಮತ್ತೆ ಕಥೆ ಹೇಳಬಲ್ಲರೆಂದು ನನಗೆ ಅಲ್ಲಿಯವರೆಗೂ ಗೊತ್ತಿರಲಿಲ್ಲ. ಶಿವಪ್ಪನಿಗೆ ಒಪ್ಪಿಸಿದೆವು. ಅವನು ಹೊಲಕ್ಕೆ ಹೋಗುವ ದಾರಿಯಲ್ಲಿ ನನ್ನನ್ನು ನಿಲ್ಲಿಸಿ, "ವೈನಿ, ನನ್ನ ಕಡಿಂದ ಆಗೂದಿಲ್ಲ. ಆಕಿ ಮಾರಿ ನೋಡಿದ್ರ ನಾ ಏನ ಹೇಳಾಕ ಬಂದಿದ್ದೆ ಅನ್ನೂದ ಮರತ ಹೋಗ್ತೈತಿ" ಎಂದ.

ನನಗೆ ಒಂದು ಕಡೆ ಹೊಟ್ಟೆಕಿಚ್ಚೂ ಆಗಿತ್ತು. ನನಗೆ ಮಾತ್ರ ಮೊದಲ ದಿನವೇ, ಕಾಲು ಆರುವ ಮೊದಲೇ ಹೇಳಿದ್ದರು. ಆಗ ನನ್ನ ಮುಖದಲ್ಲಿ ಕೆಡಬಾರದ್ದು ಏನೂ ಇರಲಿಲ್ಲವೇ? ಆದರೂ ಕಳಕವ್ವ ಎದುರಿಗೆ ಬಂದರೆ ಆ ಕಿಚ್ಚು ಉಳಿಯುತ್ತಿರಲಿಲ್ಲ.

ದಿನಗಳು ಹೋದಂತೆ ಇದು ನಮ್ಮ ಮನೆಯದಷ್ಟೇ ಅಲ್ಲ, ಊರಿನ ಮಾತಾಯಿತು. ಕಾರ್ತೀಕದ ಚಳಿಗೆ ಗಾದಿಯ ಅರಳೆ ಹಿಂಜಲು ಪಿಂಜಾರ ಹುಸೇನಸಾಬ ಬಂದಿದ್ದ. ಅಂಗಳದಲ್ಲಿ ಕುಳಿತು ಬಿಲ್ಲು ಮಿಡಿಯುತ್ತಿದ್ದವನಿಗೆ ಕಳಕವ್ವ ಹೇಳಿದಳು:

"ಕಾಕಾ, ನಮ್ಮದು ಮುಗಿದ ಮ್ಯಾಲೆ ಬಸಲಿಂಗಜ್ಜಿ ಮನಿಗೂ ಹೋಗ್ರಿ. ಆಕಿ ಗಾದಿ ಕಲ್ಲಿನಂಗ ಆಗೈತಿ. ಚೆನ್ನವ್ವತ್ತಿ ಕಳಿಸ್ಯಾರ ಅಂತ ಹೇಳ್ರಿ."

ಹುಸೇನಸಾಬನಿಗೆ ಎರಡೂ ಮನೆಯ ಒಳಹೊರಗು ಗೊತ್ತು. "ಅಲ್ಲ ಬೇಟಿ, ಆ ಮನಿಗೆ ಈ ಮನಿಯಿಂದ..." ಎಂದು ಶುರು ಮಾಡಿದವನು ಅವಳ ಮುಖ ನೋಡಿದ. ಗಂಟಲಿಗೆ ಅರಳೆಯ ದೂಳು ಸಿಕ್ಕವನಂತೆ ಕೆಮ್ಮಿದ. "ಹೇಳತೀನವಾ, ಹೇಳತೀನಿ" ಎಂದು ಬಿಲ್ಲು ಎತ್ತಿಕೊಂಡ. ಹೇಳಿದನೋ ಇಲ್ಲವೋ ಗೊತ್ತಿಲ್ಲ.

ಕಳಕವ್ವ ದಿನವೂ ಬಾವಿಯಿಂದ ಬರುವಾಗ ಬೇವಿನ ಗಿಡದ ಮನೆಯಲ್ಲಿ ನಿಂತು ಬರುತ್ತಿದ್ದಳು. ಬಸಲಿಂಗವ್ವನ ಕಣ್ಣಿಗೆ ಪೊರೆ ಬಂದಿತ್ತು. ಇವಳು ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದಳು, ಅಕ್ಕಡಿಕಾಳಿನಲ್ಲಿ ಕಲ್ಲು ಆರಿಸಿ ಕೊಡುತ್ತಿದ್ದಳು. ಮನೆಗೆ ಬಂದವಳೇ ಅತ್ತೆಗೆ ಹೇಳುತ್ತಿದ್ದಳು: "ಅತ್ತಿ, ಆ ಅಜ್ಜಿ ನಿಮ್ಮ ಮೊಣಕಾಲ ಬ್ಯಾನಿ ಹ್ಯಾಂಗ ಐತಿ ಅಂತ ಕೇಳಿದ್ರು."

ಮೊದಲ ಸಲ ಕೇಳಿದಾಗ ಅತ್ತೆಯ ಮುಖ ಬಿಗಿಯಿತು. ಎರಡನೆಯ ಸಲ ಬಿಗಿಯಲಿಲ್ಲ. ಆಮೇಲಾಮೇಲೆ ಅವಳು ಬಾವಿಯಿಂದ ಬರುವ ಹೊತ್ತಿಗೆ ಅತ್ತೆ ಪಡಸಾಲೆಯ ಕಂಬಕ್ಕೆ ಒರಗಿ ಕುಳಿತಿರುವುದನ್ನು ನೋಡಿದೆ. ಕೇಳುವುದಕ್ಕೆಂದೇ ಕಾಯುತ್ತಿದ್ದರು ಎನ್ನಲು ನನಗೆ ಧೈರ್ಯವಿರಲಿಲ್ಲ. ಈಗ ಹೇಳುತ್ತೇನೆ, ಕಾಯುತ್ತಿದ್ದರು.

ಅವಳಲ್ಲಿ ಏನಿತ್ತು, ನಾವೆಲ್ಲ ಹಾಗೆ ಸೋತದ್ದು? ಎಷ್ಟೋ ವರ್ಷ ಇದನ್ನು ಯೋಚಿಸಿದ್ದೇನೆ. ಅವಳು ನಮ್ಮನ್ನು ಒಳ್ಳೆಯವರೆಂದು ತಿಳಿದಿದ್ದಳು. ಅವಳ ಎದುರಿಗೆ ಇರುವಷ್ಟು ಹೊತ್ತು ನಾವು ಒಳ್ಳೆಯವರೇ ಆಗಿರುತ್ತಿದ್ದೆವು. ಹಗೆಯ ಮಾತು ಹೇಳಿದರೆ ಆ ಕಣ್ಣುಗಳಲ್ಲಿ ನಮ್ಮ ಬೇರೆಯ ರೂಪ ಕಾಣುತ್ತದೆ. ಅದನ್ನು ನೋಡುವ ಎದೆ ಯಾರಿಗೂ ಇರಲಿಲ್ಲ. ಎಳೆಯರ ಮುಗ್ಧತೆಯನ್ನು ಕಾಪಾಡುತ್ತೇವೆ ಅನ್ನುತ್ತೇವಲ್ಲ, ಅದರಲ್ಲಿ ಅವರ ಮೇಲಿನ ಮಮತೆ ಎಷ್ಟು, ನಮ್ಮ ಮುಖ ಚೆಂದ ಕಾಣಲೆಂಬ ಆಸೆ ಎಷ್ಟು, ಬೇರ್ಪಡಿಸಿ ಹೇಳುವುದು ಕಷ್ಟ.

ಎಳ್ಳಮವಾಸ್ಯೆ ಬಂತು. ಹಿಂಗಾರಿ ಜೋಳ ಆಳೆತ್ತರ ನಿಂತು ಹಾಲುಗಾಳು ತುಂಬಿತ್ತು. ಆ ದಿನ ನಮ್ಮ ಸೀಮೆಯಲ್ಲಿ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತೇವೆ. ಮಾಡಿದ ಅಡಿಗೆಯನ್ನೆಲ್ಲ ಕಲಸಿ, ಹೊಲದ ಸುತ್ತ ಚರಗ ಚೆಲ್ಲಿ ಭೂಮಿತಾಯಿಗೆ ಉಣಿಸಿ, ಆಮೇಲೆ ನಾವು ಉಣ್ಣುವುದು. ನಮ್ಮ ಹೊಲದಲ್ಲಿ ಮೂರು ಬದಿಗೆ ಮಾತ್ರ ಚರಗ ಚೆಲ್ಲುತ್ತಿದ್ದೆವು. ಮಾವ ಬಿದ್ದ ಬಾಂದಿನ ಕಡೆಗೆ ಯಾರೂ ಹೋಗುತ್ತಿರಲಿಲ್ಲ. ಅಲ್ಲಿ ಹುಲ್ಲು ಬೆಳೆದು ನಿಂತಿತ್ತು.

ಶಿವಪ್ಪ ಚರಗದ ಬುಟ್ಟಿ ಹೊತ್ತಿದ್ದ. ಮೂರು ಬದಿ ಮುಗಿಸಿ ಬುಟ್ಟಿ ಇಳಿಸಿದಾಗ ಕಳಕವ್ವ, "ಅಯ್ಯ, ಆ ಕಡೆ ಬಿಟ್ಟೀರಲ್ರಿ!" ಎಂದಳು. ನಾನು ಹೋಳಿಗೆ ಬಿಚ್ಚುತ್ತಿದ್ದೆ. ತಲೆ ಎತ್ತುವಷ್ಟರಲ್ಲಿ ಅವಳೇ ಬುಟ್ಟಿ ಎತ್ತಿಕೊಂಡು, ಜೋಳದ ಸಾಲು ಸರಿಸುತ್ತ ಬಾಂದಿನ ಕಡೆಗೆ ಹೋಗಿಬಿಟ್ಟಿದ್ದಳು. ಆಚೆಯ ಹೊಲದಲ್ಲಿ ಬಸಲಿಂಗವ್ವ, ಅವಳ ಉಳಿದ ಮಗ ಈರಪ್ಪ, ಅವರ ಮನೆಮಂದಿ ಉಣ್ಣಲು ಕುಳಿತಿದ್ದರು.

"ಅಜ್ಜೀ! ಇಲ್ಲೇ ಅದೀರೇನ? ನಾವೂ ಇಲ್ಲೇ ಅದೀವಿ! ಬರ್ರಿ, ಕೂಡಿ ಉಣ್ಣೂಣು!" ಎಂದು ಕೂಗಿದಳು. ಬಾಂದುಕಲ್ಲಿನ ಮೇಲೆಯೇ ಕಾಲಿಟ್ಟು ನಿಂತಿದ್ದಳು.

ಈರಪ್ಪ ಎದ್ದು ನಿಂತ. ಅವನ ಕೈಯಲ್ಲಿ ತೆನೆ ಮುರಿಯುವ ಕುಡುಗೋಲಿತ್ತು. ಇತ್ತ ನಮ್ಮ ಮನೆಯವರೂ ಎದ್ದರು. ಅವರ ಕೈ ಚಕ್ಕಡಿಯ ಗೂಟಕ್ಕೆ ಹೋದದ್ದನ್ನು ನಾನು ಕಣ್ಣಾರೆ ಕಂಡೆ. ತಂದೆ ಬಿದ್ದಾಗ ಅವರು ಮೀಸೆ ಮೂಡದ ಹುಡುಗ, ಪಕ್ಕದಲ್ಲೇ ಇದ್ದರು. ತಮ್ಮನ ಹೆಂಡತಿಯ ಮೇಲೆ ಎಂದೂ ದನಿ ಎತ್ತದ ಮನುಷ್ಯ ಇಡೀ ಹೊಲಕ್ಕೆ ಕೇಳುವಂತೆ ಕೂಗಿದರು:

"ಏ ಹುಡಿಗಿ! ಅಲ್ಲಿ ಕಾಲಿಡಬ್ಯಾಡ! ನಮ್ಮಪ್ಪನ ರಕ್ತ ಬಿದ್ದ ಜಾಗಾ ಅದು! ಆ ಮುದಿಕಿ ಮಗಾನ ಕೊಂದಾನ!"

ಕಳಕವ್ವ ಕಾಲ ಕೆಳಗಿನ ಕಲ್ಲು ನೋಡಿದಳು. ಬಳಿಕ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದಳು: ಅತ್ತೆಯನ್ನು, ಶಿವಪ್ಪನನ್ನು, ನನ್ನನ್ನು. ಕೊನೆಗೆ ಆಚೆ ತಿರುಗಿದಳು.

"ಅಜ್ಜಿ, ಖರೇ ಏನ್ರಿ?"

ಬಸಲಿಂಗವ್ವ ಕುಳಿತಲ್ಲಿಂದಲೇ, ಸರಿಯಾಗಿ ಕಾಣದ ಕಣ್ಣಿನಿಂದ ದನಿ ಬಂದ ದಿಕ್ಕಿಗೆ ನೋಡುತ್ತ ಹೇಳಿದಳು: "ಖರೇ ಐತಿ ಮಗಳ."

ಕಳಕವ್ವ ಕಲ್ಲಿನಿಂದ ಇಳಿದಳು. ಬುಟ್ಟಿ ಅಲ್ಲೇ ಇಟ್ಟಳು. ಎರಡು ಹೊಲಗಳ ನಡುವಿನ ಆ ಹುಲ್ಲಿನಲ್ಲಿ ಕುಳಿತು, ಮುಖ ಮುಚ್ಚಿಕೊಳ್ಳದೆ, ಚಿಕ್ಕ ಮಕ್ಕಳು ಅಳುವಂತೆ ದನಿ ತೆಗೆದು ಅತ್ತಳು. ಗಂಡಸರು ಹಿಡಿದದ್ದನ್ನು ಹಿಡಿದುಕೊಂಡೇ ನಿಂತಿದ್ದರು, ಏನು ಮಾಡಬೇಕೆಂದು ತಿಳಿಯಲಿಲ್ಲ. ಮೊದಲು ಈರಪ್ಪನೇ ಕುಡುಗೋಲು ಕೆಳಗಿಟ್ಟ. ನಮ್ಮ ಮನೆಯವರು ಚಕ್ಕಡಿ ಹೂಡಿದರು. ಆ ವರ್ಷ ನಾವು ಹೊಲದಲ್ಲಿ ಉಣ್ಣಲಿಲ್ಲ.

ಆಮೇಲೆ ಕಳಕವ್ವ ಕೆಲಸ ಮಾಡುತ್ತಿದ್ದಳು, ಉಣ್ಣುತ್ತಿದ್ದಳು, ಕೇಳಿದ್ದಕ್ಕೆ "ಹೌದ್ರಿ, ಇಲ್ರಿ" ಅನ್ನುತ್ತಿದ್ದಳು. ಬಾವಿಗೆ ಹೋದರೆ ತಲೆ ತಗ್ಗಿಸಿ ಹೋಗಿ ತಲೆ ತಗ್ಗಿಸಿ ಬರುತ್ತಿದ್ದಳು. ನಮ್ಮೆಲ್ಲರ ಹಾಗೆ ಆಗಿದ್ದಳು. ಮನೆಯಲ್ಲಿ ಯಾರೋ ಸತ್ತಂತೆ ಇತ್ತು. ಕೆಳಗಿನ ಓಣಿಯಲ್ಲಿ ಬಸಲಿಂಗವ್ವ ಕಟ್ಟೆಯ ಮೇಲೆ ಕುಳಿತು ಕೊಡದ ಸಪ್ಪಳ ಕೇಳಿದಾಗೆಲ್ಲ ತಲೆ ಎತ್ತುತ್ತಾಳೆಂದು ಜನ ಹೇಳಿದರು.

ಸಂಕ್ರಾಂತಿಗೆ ಎಳ್ಳು ಹುರಿಯುತ್ತಿದ್ದ ಮಧ್ಯಾಹ್ನ ಅತ್ತೆ ಅವಳನ್ನು ಕರೆದರು. ನಾನೂ ಅಲ್ಲಿದ್ದೆ.

"ಕಳಕವ್ವಾ, ಆ ಮುದಿಕಿ ನನ್ನ ಮೊಣಕಾಲ ಬ್ಯಾನಿ ಕೇಳತಿದ್ಲು ಅಂತಿದ್ದೆಲ್ಲಾ. ಖರೇನ ಕೇಳತಿದ್ಲೇನು?"

ಕಳಕವ್ವ ಬಹಳ ಹೊತ್ತು ಸೆರಗಿನ ಅಂಚು ಸುತ್ತುತ್ತ ನಿಂತಳು.

"ಇಲ್ರಿ ಅತ್ತಿ. ನಾನ ಹಂಗ ಹೇಳತಿದ್ದೆ. ನಮ್ಮೂರಾಗ ಒಂದು ಮನಿಯಿಂದ ಇನ್ನೊಂದು ಮನಿಗೆ ಹೋದ್ರ, ಅವರು ನಿಮ್ಮನ್ನ ಕೇಳ್ಯಾರ ಅಂತ ಹೇಳತಾರ್ರಿ. ಬರಿಗೈಲೆ ಹೋಗಬಾರದು ಅಂತಾಳ ನಮ್ಮವ್ವ."

"ಅಲ್ಲೂ ಹಂಗ ಹೇಳತಿದ್ದೆ?"

"ಹೌದ್ರಿ. ನಮ್ಮತ್ತಿ ನಿಮ್ಮ ಕಣ್ಣು ಹ್ಯಾಂಗದಾವು ಅಂತ ಕೇಳ್ಯಾರ ಅಂತ ದಿನಾ ಹೇಳತಿದ್ದೆ. ತಪ್ಪಾತ್ರಿ."

ಒಲೆಯ ಮೇಲೆ ಎಳ್ಳು ಚಟಪಟ ಸಿಡಿದು ಸೀಯತೊಡಗಿತು, ನಾನು ಇಳಿಸಿದೆ. ನನಗೆ ಅತ್ತೆ ಸಿಟ್ಟಾಗುತ್ತಾರೆನಿಸಿತ್ತು. ಎರಡು ತಿಂಗಳು ಒಬ್ಬ ಹುಡುಗಿಯ ಉಪಚಾರದ ಸುಳ್ಳನ್ನು ನಂಬಿ ಕಂಬಕ್ಕೆ ಒರಗಿ ಕಾದಿದ್ದರಲ್ಲ, ಆ ನಾಚಿಕೆಗಾದರೂ ಸಿಟ್ಟು ಬರಬೇಕು. ಬಂದದ್ದು ಬೇರೆ. ಅವರ ಭುಜ ಅಲುಗಿದವು. ಅಳುತ್ತಾರೆಂದುಕೊಂಡೆ. ನಗುತ್ತಿದ್ದರು. ನಗುತ್ತ ನಗುತ್ತ ಕಣ್ಣೊರೆಸಿಕೊಂಡರು.

"ಹಂಗಾರ ಪಾಪ, ಆಕೀನೂ ನನ್ನಂಗ ದಿನಾ ಕಾಯತಿದ್ಲೇನೋ" ಎಂದರು.

ಮರುದಿನ ಮುಂಜಾನೆ ಎಳ್ಳು ಬೆಲ್ಲದ ಬಟ್ಟಲು ನನ್ನ ಕೈಗೆ ಕೊಟ್ಟು, ಕೋಲು ಹಿಡಿದು ಹೊರಟರು. ಓಣಿಯ ಜನ ಬಾಗಿಲಲ್ಲಿ ಬಂದು ನಿಂತರು. ಬೇವಿನ ಗಿಡದ ಹತ್ತಿರ ಅತ್ತೆ ಒಮ್ಮೆ ನಿಂತು ಸೆರಗು ಸರಿಮಾಡಿಕೊಂಡರು. ಬಸಲಿಂಗವ್ವ ಕಟ್ಟೆಯ ಮೇಲೆ ಕುಳಿತು "ಯಾರು?" ಎಂದಳು.

"ನಾನು, ಚೆನ್ನಿ" ಎಂದರು ಅತ್ತೆ. "ನಿನ್ನ ಕಣ್ಣು ಹ್ಯಾಂಗದಾವು ಅಂತ ಕೇಳಿ ಹೋಗಾಕ ಬಂದೆ."

ಬಸಲಿಂಗವ್ವ ಸರಿದು ಕಟ್ಟೆಯ ಮೇಲೆ ಜಾಗ ಮಾಡಿದಳು. ಅತ್ತೆ ಕೋಲು ಒರಗಿಸಿ ಅವಳ ಪಕ್ಕದಲ್ಲಿ ಕುಳಿತರು. ಸತ್ತವರ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ಏಳುವ ಹೊತ್ತಿಗೆ ಬಸಲಿಂಗವ್ವ ಕೇಳಿದ್ದು ಒಂದೇ: "ಆ ಹುಡಿಗಿ ಉಣತಾಳಿಲ್ಲೋ?"

ಗಂಡಸರ ಮಾತು ಬೇರೆ. ನಮ್ಮ ಮನೆಯವರೂ ಈರಪ್ಪನೂ ಕೊನೆಯವರೆಗೂ ಮಾತಾಡಲಿಲ್ಲ. ಬಸಲಿಂಗವ್ವ ತೀರಿಕೊಂಡಾಗ ನಮ್ಮವರು ಹೋದರು, ಹೆಗಲು ಕೊಡಲಿಲ್ಲ, ದೂರ ನಿಂತು ಬಂದರು. ಅವರ ಕೈಲಾದದ್ದು ಅಷ್ಟೇ. ಆದರೆ ಎರಡು ಮನೆಯ ಹೆಂಗಸರು ಒಂದೇ ಹೊತ್ತಿಗೆ ಬಾವಿಗೆ ಹೋಗತೊಡಗಿದೆವು.

ಕಳಕವ್ವ ಬಲಿತಳು. ಸಂತೆಯಲ್ಲಿ ಅವಳ ಸಂಗಡ ಚೌಕಾಸಿಗೆ ವ್ಯಾಪಾರಿಗಳು ಹೆದರುತ್ತಿದ್ದರು. ಆಳುಗಳನ್ನು ಗದರಿಸಿ ದುಡಿಸುತ್ತಿದ್ದಳು. ಮೊದಲಿನ ಆ ಮುಖ ತಿರುಗಿ ಬರಲಿಲ್ಲ. ನಾನು ಎಷ್ಟೋ ಸಲ ಅದನ್ನು ಅವಳೆದುರೇ ನೆನೆಸಿ ಹಳಹಳಿಸುತ್ತಿದ್ದೆ. ಅವಳು ಕೇಳಿ ಕೆಲಸಕ್ಕೆ ಎದ್ದುಹೋಗುತ್ತಿದ್ದಳು.

ಅವಳ ಮಗನಿಗೆ ಶಿರೋಳದಿಂದ ನಿಂಗವ್ವ ಎಂಬ ಹೆಣ್ಣು ತಂದರು. ಆಗ ಅತ್ತೆ ಇರಲಿಲ್ಲ. ಹುಡುಗಿ ಹೊಸಿಲು ದಾಟಿ ಬಂದು ಮನೆಯನ್ನೆಲ್ಲ ಕಣ್ಣರಳಿಸಿ ನೋಡುತ್ತಿದ್ದಳು. ಅವಳನ್ನು ನೋಡಿ ನನಗೆ ಜೀವ ಹಿಗ್ಗಿತು. ಕಳಕವ್ವನನ್ನು ಒಳಗೆ ಕರೆದು, "ಈಕಿಗೆ ಇಷ್ಟ ಲಗೂ ಏನೂ ಹೇಳೂದು ಬ್ಯಾಡ. ನಾಕು ದಿನ ನಕ್ಕೋತ ಇರ್ಲಿ. ನೀ ಹ್ಯಾಂಗಿದ್ದಿ, ನೆನಪೈತಿಲ್ಲೋ?" ಎಂದೆ.

ಕಳಕವ್ವ ನನ್ನನ್ನು ನೇರವಾಗಿ ನೋಡಿದಳು. ಸಿಟ್ಟಿರಲಿಲ್ಲ.

"ನೆನಪೈತ್ರಿ ಅಕ್ಕಾ. ನೀವೆಲ್ಲಾರೂ ನನ್ನ ಮಾರಿ ನೋಡಿ ಚಂದ ಐತಿ ಅಂತಿದ್ರಿ. ಊರ ಮಂದಿಗೆಲ್ಲಾ ಗೊತ್ತಿತ್ತು. ಆ ಹೊಲದಾಗ ಮಾತ್ರ ನಾ ಒಬ್ಬಾಕೀನ ನಿಂತಿದ್ದೆ."

ನಾನು ಬಾಗಿಲ ಕಡೆ ಸರಿದೆ.

ಅವಳು ನಿಂಗವ್ವನನ್ನು ಪಡಸಾಲೆಯಲ್ಲಿ ಕೂರಿಸಿಕೊಂಡು ಎಲ್ಲವನ್ನೂ ಹೇಳಿದಳು. ಬಡಿಗೆ, ರಕ್ತ, ಜೇಲು, ಕಟ್ಟೆ ಹತ್ತಿದ ಅತ್ತೆ, ಮಾತಾಡದೆ ಉಳಿದ ಗಂಡಸರು, ಯಾವುದನ್ನೂ ಬಿಡಲಿಲ್ಲ. ನಾನು ಆ ಹುಡುಗಿಯ ಕಡೆ ನೋಡಲಾರದೆ ಬಾಗಿಲ ಹೊರಗೆ ನೋಡುತ್ತ ನಿಂತಿದ್ದೆ. ಆ ಮುಖದಲ್ಲಿ ಏನು ಒಡೆಯುತ್ತದೋ ಎಂಬ ಅಂಜಿಕೆ.

ಹೇಳುವುದು ಮುಗಿದ ಮೇಲೆ ನಿಂಗವ್ವನ ದನಿ ಕೇಳಿತು.

"ಆ ಮನ್ಯಾಗ ಈಗ ಹೆಣ್ಣಮಕ್ಕಳು ಯಾರದಾರ್ರಿ ಅತ್ತಿ?"

"ಈರಪ್ಪನ ಸೊಸಿ ಅದಾಳ. ನಿನ್ನ ವಾರಿಗೀನ, ನಿನ್ನಷ್ಟ ವಯಸ್ಸಿನಾಕಿ."

"ಆಕಿ ಜೋಡಿ ಮಾತಾಡಬಹುದಲ್ರಿ?"

ನಾನು ತಿರುಗಿ ನೋಡಿದೆ. ಹುಡುಗಿಯ ಕಣ್ಣಂಚು ತೋಯ್ದಿತ್ತು. ಆದರೆ ಮುಖದ ಕಳೆ ಹಾಗೇ ಇತ್ತು.

"ಮಾತಾಡು" ಎಂದಳು ಕಳಕವ್ವ. "ಎಲ್ಲಾ ತಿಳಕೊಂಡೀದಿ. ಈಗ ಹೋಗಿ ಮಾತಾಡು."